ವಿದ್ಯುತ್ತು, ನೀರು, ಹಣ, ಇಂಧನ: ಒಂದು ನಿಂತರೆ ಉಳಿದವೂ ನಿಲ್ಲದಂತೆ ದೇಶ ಹೇಗೆ ಸಿದ್ಧವಾಗಬೇಕು?

ಮುಲುಂಡ್ ವಾಚಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಯ ಭದ್ರತೆ ಎಂದ ಕೂಡಲೇ ನಮ್ಮ ಮಾತು ಗಡಿ, ಸೈನ್ಯ, ಕ್ಷಿಪಣಿಗಳ ಕಡೆಗೆ ಹೋಗುತ್ತದೆ. ಅವೆಲ್ಲ ಬೇಕಾದವೇ. ಆದರೆ ಒಂದು ಗುಂಡೂ ಹಾರದೆ ಇಡೀ ಮಹಾನಗರ ನಿಂತುಹೋಗಬಹುದು ಎಂಬುದನ್ನು 2020ರ ಅಕ್ಟೋಬರ್ 12ರ ಸೋಮವಾರ ಬೆಳಿಗ್ಗೆ ಮುಂಬೈ ಕಂಡಿತು. ಕಳವಾ ಮತ್ತು ಪಡಘಾ ಕಡೆಯಿಂದ ನಗರಕ್ಕೆ ವಿದ್ಯುತ್ ತರುವ 400 ಕಿಲೋವೋಲ್ಟ್ ಮಾರ್ಗಗಳಲ್ಲಿ ಒಂದು ಮೊದಲೇ ಬಂದ್ ಆಗಿತ್ತು. ಉಳಿದವು ಒಂದರ ಹಿಂದೊಂದು ಟ್ರಿಪ್ ಆದವು, ಅಂದರೆ ತಾವಾಗಿ ಕಡಿತಗೊಂಡವು. ಹತ್ತು ಗಂಟೆಯ ಸುಮಾರಿಗೆ ಲೋಕಲ್ ರೈಲುಗಳು ನಿಂತಲ್ಲೇ ನಿಂತವು, ಆಸ್ಪತ್ರೆಗಳು ಜನರೇಟರ್ ಮೇಲೆ ಬಿದ್ದವು, ವಿಶ್ವವಿದ್ಯಾಲಯದ ಆನ್‌ಲೈನ್ ಪರೀಕ್ಷೆಗಳು ಮುಂದಕ್ಕೆ ಹೋದವು. ಕೊರೋನಾ ಕಾಲವಾದ್ದರಿಂದ ಮನೆಯೇ ಕಚೇರಿಯಾಗಿದ್ದವರ ಕೆಲಸವೂ ಅಲ್ಲಿಗೇ ನಿಂತಿತು.

ನನ್ನನ್ನು ಇಂದಿಗೂ ಕಾಡುವ ಸಂಗತಿ ಬೇರೆ. ಮುಂಬೈಗೆ 1981ರಿಂದಲೇ ಒಂದು ರಕ್ಷಣಾ ಏರ್ಪಾಡಿದೆ. ಹೊರಗಿನ ಜಾಲದಲ್ಲಿ ಗೊಂದಲವಾದರೆ ನಗರವು ತಾನಾಗಿ ಅದರಿಂದ ಕಳಚಿಕೊಂಡು, ಟ್ರಾಂಬೆ, ಡಹಾಣೂ ಸ್ಥಾವರಗಳ ಮತ್ತು ಸಹ್ಯಾದ್ರಿಯ ಜಲವಿದ್ಯುತ್ತಿನ ಬಲದ ಮೇಲೆ ಅಗತ್ಯ ಸೇವೆಗಳನ್ನು ನಡೆಸಿಕೊಂಡು ಹೋಗಬೇಕು. ಇದಕ್ಕೆ ಐಲ್ಯಾಂಡಿಂಗ್ ಎನ್ನುತ್ತಾರೆ. ಹಿಂದೆ ಅನೇಕ ಸಲ ಅದು ನಗರವನ್ನು ಕಾಪಾಡಿತ್ತು, ಆ ದಿನ ಕೈಕೊಟ್ಟಿತು. ಏರ್ಪಾಡನ್ನು ರೂಪಿಸಿದ ಕಾಲಕ್ಕೂ ಈಗಿನ ಕಾಲಕ್ಕೂ ನಡುವೆ ನಗರದ ಬೇಡಿಕೆ ಬೆಳೆಯಿತು, ನಗರದೊಳಗಿನ ಉತ್ಪಾದನೆ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಕಾಗದದ ಮೇಲೆ ಇದ್ದ ರಕ್ಷಣೆ ನಿಜವಾಗಿ ಬೇಕಾದ ಗಳಿಗೆಯಲ್ಲಿ ಇಲ್ಲದಾಯಿತು.

ಆಮೇಲೆ ನಡೆದದ್ದು ಇನ್ನೂ ಕಳವಳದ ಸಂಗತಿ. 2021ರ ಮಾರ್ಚ್‌ನಲ್ಲಿ ರಾಜ್ಯದ ಅಂದಿನ ಗೃಹಸಚಿವರು ಇದರ ಹಿಂದೆ ಸೈಬರ್ ದಾಳಿ ಇದ್ದಿರಬಹುದು ಎಂದರು. ಕೇಂದ್ರದ ಅಂದಿನ ವಿದ್ಯುತ್ ಸಚಿವರು ಅದನ್ನು ಅಲ್ಲಗಳೆದು, ಮಾನವ ದೋಷದಿಂದಾದದ್ದು ಎಂದರು. ಎರಡೂ ಹೊಣೆಯುಳ್ಳ ಸ್ಥಾನದಿಂದ ಬಂದ ಮಾತುಗಳೇ. ಜನಸಾಮಾನ್ಯರು ಯಾವುದನ್ನು ನಂಬಬೇಕು? ಅದಕ್ಕಿಂತ ಮುಖ್ಯವಾಗಿ, ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಇದೇ ಹೊಣೆ ಹೊತ್ತಿರುವ ಇಂಜಿನಿಯರ್ ಯಾವ ಪಾಠ ಕಲಿಯಬೇಕು?

ನಾನು ವಿದ್ಯುತ್ ಕ್ಷೇತ್ರದಲ್ಲಿ ದುಡಿದು ನಿವೃತ್ತನಾದವನು. ನನ್ನ ಅಭಿಪ್ರಾಯ ಇಷ್ಟು: ಪ್ರತಿಯೊಂದು ಇಲಾಖೆಗೂ ತನ್ನದೇ ತುರ್ತು ಯೋಜನೆ ಇದೆ, ಆದರೆ ಒಂದು ವ್ಯವಸ್ಥೆ ಇನ್ನೊಂದರ ಮೇಲೆ ಎಲ್ಲಿ ಆತುಕೊಂಡಿದೆಯೋ ಆ ಕೊಂಡಿಗಳ ಹೊಣೆ ಯಾರದ್ದೂ ಅಲ್ಲ. ಕೊಂಡಿ ಕಳಚಿದಾಗ ಏನಾಯಿತೆಂದು ಸ್ವತಂತ್ರವಾಗಿ ತನಿಖೆ ಮಾಡಿ, ಎಲ್ಲರಿಗೂ ತಿಳಿಸುವ ಸಂಸ್ಥೆಯೂ ನಮ್ಮಲ್ಲಿಲ್ಲ. ನಿಮ್ಮ ನಿಮ್ಮ ಕ್ಷೇತ್ರದಲ್ಲಿ ನೀವು ಕಂಡದ್ದನ್ನು ಬರೆಯಬೇಕೆಂದು ಕೋರುತ್ತೇನೆ.

---

ಕಾಂದಿವಲಿ ಕಾರ್ಯದರ್ಶಿ

ಮುಲುಂಡ್ ಸರ್, ಆ ದಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆದದ್ದನ್ನು ಹೇಳುತ್ತೇನೆ. ನೀವು ಹೇಳಿದ ಕೊಂಡಿ ಎಂದರೇನು ಎಂಬುದು ನನಗೆ ಆಗ ಕಣ್ಣಿಗೆ ಕಟ್ಟಿದಂತೆ ತಿಳಿಯಿತು.

ಮುಂಬೈ ಮಹಾನಗರಪಾಲಿಕೆಗೆ ನೀರು ಬರುವುದು ಏಳು ಕೆರೆ, ಅಣೆಕಟ್ಟುಗಳಿಂದ: ಭಾತ್ಸಾ, ಮೇಲಣ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ, ತಾನ್ಸಾ, ವಿಹಾರ, ತುಳಸಿ. ಅದರಲ್ಲಿ ಬಹುಪಾಲು ನೀರು ಇಳಿಜಾರಿನಲ್ಲೇ ಹರಿದು ಬರುತ್ತದೆ. ಹಾಗಾಗಿ ಅಂದು ಬೆಳಿಗ್ಗೆ ನಮ್ಮ ಕಟ್ಟಡದ ನೆಲಮಟ್ಟದ ಟ್ಯಾಂಕ್ ತುಂಬಿತ್ತು. ಆದರೆ ಮೇಲಿನ ಟ್ಯಾಂಕಿಗೆ ಏರಿಸಲು ಪಂಪಿಗೆ ವಿದ್ಯುತ್ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಮಹಡಿಗಳ ನಲ್ಲಿ ಒಣಗಿತು. ಜನರೇಟರ್ ಇತ್ತು, ಆದರೆ ಅದನ್ನು ಜೋಡಿಸಿದ್ದು ಒಂದು ಲಿಫ್ಟಿಗೆ ಮತ್ತು ಮೆಟ್ಟಿಲ ದೀಪಗಳಿಗೆ ಮಾತ್ರ, ಪಂಪಿಗೆ ಅಲ್ಲ. ಡೀಸೆಲ್ ತರಲು ಹೋದ ಕಾವಲುಗಾರ ಬರಿಗೈಯಲ್ಲಿ ಬಂದ, ಏಕೆಂದರೆ ಆ ಬಂಕಿನ ಯಂತ್ರವೂ ವಿದ್ಯುತ್ ಇಲ್ಲದೆ ನಿಂತಿತ್ತು. ಮನೆಯಲ್ಲೇ ಆಮ್ಲಜನಕದ ಯಂತ್ರ ಹಚ್ಚಿಕೊಂಡಿದ್ದ ಹಿರಿಯರೊಬ್ಬರನ್ನು ನಾಲ್ವರು ಹುಡುಗರು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸಿ ಆಸ್ಪತ್ರೆಗೆ ಒಯ್ದರು. ಅವರ ಮಗಳಿಗೆ ಫೋನ್ ಮಾಡಲು ನೋಡಿದರೆ ನೆಟ್‌ವರ್ಕ್ ಕ್ಷೀಣಿಸುತ್ತಿತ್ತು. ಮೊಬೈಲ್ ಗೋಪುರಗಳ ಬ್ಯಾಟರಿ ಕೆಲವೇ ಗಂಟೆಗಳದ್ದು.

ಇಷ್ಟಕ್ಕೂ ಯಾರ ಕಡೆಯಿಂದಲೂ ದೊಡ್ಡ ಲೋಪವಾಗಿರಲಿಲ್ಲ. ನೀರಿನವರು ನೀರು ಕೊಟ್ಟಿದ್ದರು, ಜನರೇಟರ್ ಚಾಲೂ ಇತ್ತು, ಬಂಕಿನಲ್ಲಿ ಡೀಸೆಲ್ ಇತ್ತು. ಎಲ್ಲವೂ ಇದ್ದೂ ಯಾವುದೂ ನಮಗೆ ದಕ್ಕಲಿಲ್ಲ.

---

ಸಯನ್ ಹೋಟೆಲಿಗ

ಅಕ್ಕ, ನಿಮ್ಮ ಮಾತು ಅಕ್ಷರಶಃ ನಿಜ. ಹೋಟೆಲಿನವರ ಕಡೆಯಿಂದ ನಾನು ಇಂಧನದ ವಿಷಯ ಎತ್ತುತ್ತೇನೆ. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಹೊರಗಿನದು. ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಆಮದು, ಅದರ ಬಹುಭಾಗ ಬರುವುದು ಕೊಲ್ಲಿ ರಾಷ್ಟ್ರಗಳಿಂದ, ಹೋರ್ಮುಜ್ ಜಲಸಂಧಿಯ ದಾರಿಯಲ್ಲಿ. ಅಲ್ಲಿ ಹಡಗು ನಿಂತರೆ ಇಲ್ಲಿ ನನ್ನ ಇಡ್ಲಿಯ ಹಂಡೆ ಆರುತ್ತದೆ.

ನಾನು ಕಾಪು ಕಡೆಯವನು. ನಮ್ಮೂರ ಪಕ್ಕದ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು 25 ಲಕ್ಷ ಟನ್ ಕಚ್ಚಾ ತೈಲ ಶೇಖರಿಸುವ ವ್ಯವಸ್ಥೆ ಮಾಡಿದ್ದಾರೆ. ಮಂಗಳೂರಿನಲ್ಲಿ 15 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಮೂರೂ ಸೇರಿ 53.3 ಲಕ್ಷ ಟನ್. 2020ರ ಬೇಸಿಗೆಯಲ್ಲಿ ಲೋಕದಲ್ಲೆಲ್ಲ ತೈಲದ ಬೆಲೆ ಪಾತಾಳಕ್ಕಿಳಿದಾಗ ಸರ್ಕಾರ ಈ ಗುಹೆಗಳನ್ನು ತುಂಬಿಸಿಕೊಂಡಿತು. ಅದು ಜಾಣತನದ ಕೆಲಸ, ಮೆಚ್ಚಲೇಬೇಕು. ಆದರೆ ಮೂರೂ ತುಂಬಿದರೂ ಅದು ದೇಶದ ಅಗತ್ಯಕ್ಕೆ ಒಂಬತ್ತು, ಹತ್ತು ದಿನಗಳಷ್ಟೇ. ತೈಲ ಕಂಪನಿಗಳ ಬಳಿ ಇರುವ ದಾಸ್ತಾನು ಬೇರೆ. ಕಚ್ಚಾ ತೈಲಕ್ಕೆ ಇಷ್ಟಾದರೂ ಆಯಿತು, ಅಡುಗೆ ಅನಿಲಕ್ಕೆ ನೆಲದಡಿಯ ಸಂಗ್ರಹ ಬಹಳ ಚಿಕ್ಕದು. ಬಡವರ ಮನೆಯ ಒಲೆಯನ್ನು ಸೌದೆಯಿಂದ ಸಿಲಿಂಡರಿಗೆ ತಂದದ್ದು ಒಳ್ಳೆಯ ಕೆಲಸವೇ, ಆದರೆ ಆ ಒಲೆಗಳೆಲ್ಲ ಈಗ ಒಂದು ಇಕ್ಕಟ್ಟಾದ ಸಮುದ್ರದಾರಿಯನ್ನು ನೆಚ್ಚಿಕೊಂಡಿವೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಪಾದೂರಿನ ಎರಡನೆಯ ಹಂತಕ್ಕೆ ಭೂಮಿ ಕೊಡುವವರ ಪರಿಹಾರದ ತಕರಾರುಗಳನ್ನೂ ಇಲ್ಲಿ ನೆನೆಯಬೇಕು. ದೇಶದ ಭದ್ರತೆಗಾಗಿ ಒಂದು ಊರು ತನ್ನ ಗದ್ದೆ, ತೋಟ ಬಿಟ್ಟುಕೊಡುವಾಗ ಅದರ ಬೆಲೆಯನ್ನು ಇಡೀ ದೇಶ ಹೊರಬೇಕು.

---

ಡೊಂಬಿವಲಿ ಲೆಕ್ಕಿಗ

ನಾನು ಒಂದು ಸಣ್ಣ ಸಹಕಾರಿ ಬ್ಯಾಂಕಿನ ನೌಕರ. ಹಣದ ವ್ಯವಸ್ಥೆಯ ಬಗ್ಗೆ ಬರೆಯುತ್ತೇನೆ.

ಮಹಾರಾಷ್ಟ್ರದಲ್ಲಿ ಸಹಕಾರಿ ಬ್ಯಾಂಕುಗಳವರು 2018ರ ಆಗಸ್ಟನ್ನು ಮರೆತಿಲ್ಲ. ಪುಣೆಯ ಕಾಸ್ಮಾಸ್ ಬ್ಯಾಂಕಿನ ಎಟಿಎಂ ಸ್ವಿಚ್ಚಿನೊಳಗೆ, ಅಂದರೆ ಹಣ ಕೊಡಲು ಒಪ್ಪಿಗೆ ನೀಡುವ ಕಂಪ್ಯೂಟರಿನೊಳಗೆ, ಕಳ್ಳತಂತ್ರಾಂಶ ತೂರಿಸಿ, ವಾರಾಂತ್ಯದ ರಜೆಯ ಹೊತ್ತು ನೋಡಿ, 28 ದೇಶಗಳ ಎಟಿಎಂಗಳಿಂದ ಏಕಕಾಲಕ್ಕೆ ಹಣ ತೆಗೆದರು. ಬ್ಯಾಂಕುಗಳ ಅಂತಾರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹಾಂಕಾಂಗಿಗೆ ಕಳುಹಿಸಿದ್ದೂ ಸೇರಿ ಹೋದದ್ದು 94 ಕೋಟಿ ರೂಪಾಯಿಗಿಂತ ಹೆಚ್ಚು. ನೂರು ವರ್ಷಕ್ಕೂ ಹಳೆಯದಾದ ಬ್ಯಾಂಕ್ ಆದ್ದರಿಂದ ತಾಳಿಕೊಂಡಿತು. ನಮ್ಮಂಥ ಸಣ್ಣ ಬ್ಯಾಂಕಿಗೆ ಅಷ್ಟು ಹೊಡೆತ ಬಿದ್ದರೆ ಬಾಗಿಲು ಮುಚ್ಚುವುದೇ ಸೈ.

ಆದರೆ ಅದು ಒಂದು ಬ್ಯಾಂಕಿಗೆ ಬಿದ್ದ ಪೆಟ್ಟು. 2024ರ ಜುಲೈ ಕೊನೆಯಲ್ಲಿ ನಾವು ಕಂಡದ್ದು ಬೇರೆ ಬಗೆಯದು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಒಂದೇ ಸಂಸ್ಥೆಯ ಮೇಲೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಯಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಸಂಸ್ಥೆಯ ಸಂಪರ್ಕವನ್ನೇ ಕತ್ತರಿಸಿತು. ಅದು ಸರಿಯಾದ ನಿರ್ಧಾರ, ಮರುದಿನವೇ ಸಂಪರ್ಕ ಮರಳಿತು ಕೂಡ. ಆದರೆ ಆ ಹೊತ್ತಿನಲ್ಲಿ ನಮ್ಮ ಕೌಂಟರಿನ ಮುಂದೆ ನಿಂತವರಿಗೆ, ನಮ್ಮ ಬ್ಯಾಂಕಿನ ಒಂದು ಕಂಪ್ಯೂಟರಿಗೂ ಏನೂ ಆಗಿಲ್ಲ, ಆದರೂ ನಿಮ್ಮ ಹಣ ಕಳುಹಿಸಲಾಗುವುದಿಲ್ಲ ಎಂದು ಹೇಗೆ ತಿಳಿಸಿ ಹೇಳುವುದು? ಒಬ್ಬ ತಾಯಿ ಮಗನ ಕಾಲೇಜು ಫೀಸಿಗೆ ಕೊನೆಯ ದಿನವೆಂದು ಕಣ್ಣೀರು ತುಂಬಿ ನಿಂತಿದ್ದರು. ಕೊನೆಗೆ ನಗದು ಕೊಟ್ಟು ಪಕ್ಕದ ದೊಡ್ಡ ಬ್ಯಾಂಕಿನಲ್ಲಿ ಡಿ.ಡಿ. ಮಾಡಿಸಿ ಕಳಿಸಿದೆವು.

ಖರ್ಚು ಉಳಿಸಲು ನಾವೆಲ್ಲ ಒಂದೇ ಸೇವಾಸಂಸ್ಥೆಗೆ ಹೋದೆವು. ಬ್ಯಾಂಕಿನ ಮಟ್ಟದಲ್ಲಿ ಅದು ವಿವೇಕದ ತೀರ್ಮಾನ, ದೇಶದ ಮಟ್ಟದಲ್ಲಿ 300 ಬ್ಯಾಂಕುಗಳ ಜುಟ್ಟು ಒಂದೇ ಕಡೆ ಸಿಕ್ಕಿಕೊಂಡಂತೆ. ಇದನ್ನು ಯಾವ ಒಂದು ಬ್ಯಾಂಕಿನ ಆಡಿಟರ್ ಕೂಡ ಕಾಣಲಾರ, ಏಕೆಂದರೆ ಅವನು ನೋಡುವುದು ಆ ಬ್ಯಾಂಕಿನ ಪುಸ್ತಕ ಮಾತ್ರ.

---

ಹಿಂಜೆವಾಡಿ ತಂತ್ರಜ್ಞೆ

ಲೆಕ್ಕಿಗರೇ, ನಿಮ್ಮ ಮಾತಿಗೆ ಪೂರಕವಾಗಿ ಎರಡು ಉದಾಹರಣೆ ಕೊಡುತ್ತೇನೆ. ಎರಡರಲ್ಲೂ ಶತ್ರು ಯಾರೂ ಇರಲಿಲ್ಲ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೈಕೊಟ್ಟವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸುಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಕಾಪಾಡಲೆಂದು ಹಾಕಿಕೊಂಡ ತಂತ್ರಾಂಶದಿಂದಲೇ ತೊಂದರೆಯಾಯಿತು. ಹಾಗಿದ್ದರೂ ಕೈಬರಹದ ಪಾಸು ಹಿಡಿದು ಜನ ವಿಮಾನ ಹತ್ತಿದರು ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆ ಸಿಬ್ಬಂದಿಗೆ ಹಳೆಯ ವಿಧಾನ ಗೊತ್ತಿತ್ತು, ಅದನ್ನು ಬಳಸಲು ಅಧಿಕಾರವೂ ಇತ್ತು.

ಎರಡನೆಯದು 2025ರ ಏಪ್ರಿಲ್ 12ರಂದು ಯುಪಿಐ ನಿಧಾನವಾದದ್ದು. ಪಾವತಿ ಆಯಿತೋ ಇಲ್ಲವೋ ಎಂದು ಬ್ಯಾಂಕುಗಳ ಕಂಪ್ಯೂಟರುಗಳು ಮತ್ತೆ ಮತ್ತೆ ವಿಚಾರಿಸತೊಡಗಿದವು, ಆ ವಿಚಾರಣೆಯ ಹೊರೆಯೇ ಕೇಂದ್ರ ವ್ಯವಸ್ಥೆಯನ್ನು ಬಗ್ಗಿಸಿತು. ವ್ಯವಸ್ಥೆಗಳು ಒಂದಕ್ಕೊಂದು ಹೆಣೆದುಕೊಂಡಾಗ ಸಣ್ಣ ತಡೆ ದೊಡ್ಡದಾಗುವುದು ಹೀಗೆಯೇ. ತೊಂದರೆ ಕಂಡ ಪ್ರತಿಯೊಬ್ಬನೂ ತನ್ನ ಪಾಲಿನ ಎಚ್ಚರಿಕೆ ವಹಿಸುತ್ತಾನೆ, ಎಲ್ಲರ ಎಚ್ಚರಿಕೆ ಸೇರಿ ತೊಂದರೆಯನ್ನು ಹೆಚ್ಚಿಸುತ್ತದೆ.

ರಿಸರ್ವ್ ಬ್ಯಾಂಕು 2023ರ ವಾರ್ಷಿಕ ವರದಿಯಲ್ಲಿ ಯುದ್ಧ, ಮಹಾವಿಪತ್ತುಗಳ ಕಾಲಕ್ಕೆಂದು ಕಡಿಮೆ ಸಲಕರಣೆ ಹಾಗೂ ಕಡಿಮೆ ಸಿಬ್ಬಂದಿಯಿಂದ ಎಲ್ಲಿಂದ ಬೇಕಾದರೂ ನಡೆಸಬಹುದಾದ ಹಗುರ ಪಾವತಿ ವ್ಯವಸ್ಥೆಯೊಂದರ ಯೋಚನೆಯನ್ನು ಮುಂದಿಟ್ಟಿತ್ತು. ಅಂಥದ್ದು ವಿದ್ಯುತ್ತಿಗೂ ದೂರಸಂಪರ್ಕಕ್ಕೂ ಬೇಕು.

---

ಖಡ್ಕಿ ನಿವೃತ್ತ

ನಾನು ಸೇನೆಯ ಸಂಪರ್ಕ ವಿಭಾಗದಲ್ಲಿ ಸೇವೆ ಸಲ್ಲಿಸಿದವನು. ಮುಲುಂಡ್ ಅವರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಅವರ ಸಲಹೆಯ ಒಂದು ಭಾಗವನ್ನು ಒಪ್ಪಲಾರೆ. ಯಾವ ಮಾರ್ಗ ಬಿದ್ದರೆ ಯಾವ ನಗರ ಕತ್ತಲಾಗುತ್ತದೆ, ಯಾವ ಸಂಸ್ಥೆ ನಿಂತರೆ ಎಷ್ಟು ಬ್ಯಾಂಕು ನಿಲ್ಲುತ್ತವೆ ಎಂಬುದನ್ನೆಲ್ಲ ವರದಿ ಮಾಡಿ ಊರಿಗೆಲ್ಲ ಹಂಚಿದರೆ ಅದನ್ನು ಮೊದಲು ಓದುವವನು ಶತ್ರುವೇ. ಕೆಲವು ವಿಷಯಗಳು ಗುಟ್ಟಾಗಿಯೇ ಇರಬೇಕು.

ಇನ್ನೊಂದು ಮಾತು. ನಮ್ಮಲ್ಲಿ ಏನೂ ಇಲ್ಲ ಎಂಬಂತೆ ಬರೆಯುವುದೂ ನ್ಯಾಯವಲ್ಲ. ಸೈಬರ್ ಘಟನೆಗಳಿಗೆ 2004ರಿಂದ ಸರ್ಟ್-ಇನ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇದೆ, 2022ರ ಅದರ ಆದೇಶದಂತೆ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಲೇಬೇಕು. ಅತಿಮುಖ್ಯ ಮಾಹಿತಿ ವ್ಯವಸ್ಥೆಗಳ ರಕ್ಷಣೆಗೆ 2014ರಿಂದ ಪ್ರತ್ಯೇಕ ರಾಷ್ಟ್ರೀಯ ಕೇಂದ್ರವಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆ ಇದೆ, ರಾಷ್ಟ್ರೀಯ ವಿಪತ್ತು ಕಾರ್ಯಪಡೆಯಾದ ಎನ್‌ಡಿಆರ್‌ಎಫ್ ಇದೆ. 2025ರ ಮೇ 7ರಂದು 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಅಣಕು ಕವಾಯತಿಗೆ ಆದೇಶವಾಗಿ, ಎಷ್ಟೋ ಮಕ್ಕಳು ಸೈರನ್ ಸದ್ದನ್ನು ಮೊದಲ ಬಾರಿ ಕೇಳಿದರು.

ಮತ್ತು ಒಡಿಶಾವನ್ನು ನೋಡಿ. 1999ರ ಮಹಾಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಿದರು, ಸಾವು ಹತ್ತುಗಳ ಲೆಕ್ಕದಲ್ಲಿ ನಿಂತಿತು. ನಮ್ಮ ದೇಶದಲ್ಲೇ, ಬಡ ರಾಜ್ಯವೊಂದರಲ್ಲೇ ಇದು ಸಾಧ್ಯವಾಗಿದೆ.

---

ಮುಲುಂಡ್ ವಾಚಕ

ಖಡ್ಕಿ ಸರ್, ನಿಮ್ಮ ಆಕ್ಷೇಪಣೆ ತೂಕವುಳ್ಳದ್ದು. ಒಡಿಶಾದ ಮಾತಿನಿಂದಲೇ ಶುರುಮಾಡುತ್ತೇನೆ. ಅಲ್ಲಿ ಸಾವು ಇಳಿದದ್ದು ಮುನ್ಸೂಚನೆ ಸುಧಾರಿಸಿದ್ದರಿಂದ ಮಾತ್ರವಲ್ಲ. ಆಶ್ರಯ ಕಟ್ಟಡಗಳು, ಹಳ್ಳಿಯ ಸ್ವಯಂಸೇವಕರು, ರಾಜ್ಯದ್ದೇ ಆದ ರಕ್ಷಣಾ ಪಡೆ ಇವೆಲ್ಲ ಒಟ್ಟಿಗೆ ಬೆಳೆದವು. ಎಲ್ಲಕ್ಕಿಂತ ಹೆಚ್ಚಾಗಿ, 1999ರಲ್ಲಿ ಏನು ತಪ್ಪಿತು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಗುಟ್ಟಿಲ್ಲದ ಕಾರಣದಿಂದಲೇ ಸರ್ಕಾರ ಬದಲಾದರೂ ಆ ಕೆಲಸ ಮುಂದುವರಿಯಿತು.

ಬಯಲು ಮಾಡಬೇಕೆಂದು ನಾನು ಹೇಳುತ್ತಿರುವುದು ನಕ್ಷೆಯನ್ನಲ್ಲ, ಕಾರಣವನ್ನು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿದದ್ದು ನಿಮಗೆ ನೆನಪಿರಬಹುದು. ಎರಡನೆಯ ದಿನ ಉತ್ತರ, ಪೂರ್ವ, ಈಶಾನ್ಯ ಜಾಲಗಳು ಮೂರೂ ಬಿದ್ದು ಅರವತ್ತು ಕೋಟಿ ಜನರಿದ್ದ ಪ್ರದೇಶ ಕತ್ತಲಾಯಿತು. ದೆಹಲಿ ಮೆಟ್ರೋ ನಿಂತಿತು, ಬಂಗಾಳದಲ್ಲಿ ಗಣಿ ಕಾರ್ಮಿಕರು ನೆಲದಡಿ ಸಿಕ್ಕಿಕೊಂಡರು. ವಿಚಾರಣಾ ಸಮಿತಿ ಆಗಸ್ಟ್‌ನಲ್ಲೇ ವರದಿ ಕೊಟ್ಟಿತು, ಅದು ಪ್ರಕಟವೂ ಆಯಿತು. ಹಲವು ಮಾರ್ಗಗಳು ಬಂದ್ ಇದ್ದು ಜಾಲ ಮೊದಲೇ ದುರ್ಬಲವಾಗಿತ್ತು, ಬೀನಾ-ಗ್ವಾಲಿಯರ್ ಮಾರ್ಗದ ಮೇಲೆ ಹೊರೆ ಮಿತಿಮೀರಿತ್ತು, ರಾಜ್ಯಗಳು ಹೆಚ್ಚುವರಿ ಸೆಳೆತವನ್ನು ಸಕಾಲದಲ್ಲಿ ಇಳಿಸಲಿಲ್ಲ, ರಕ್ಷಣಾ ಉಪಕರಣ ತಪ್ಪಾಗಿ ವರ್ತಿಸಿತು ಎಂದು ಅದರಲ್ಲಿ ಬಿಡಿಸಿ ಬರೆದಿದೆ. ಅದನ್ನು ಓದಿದವರಲ್ಲಿ ಶತ್ರುವೂ ಇದ್ದಿರಬಹುದು, ಆದರೆ ವಿದ್ಯುತ್ ಜಾಲವನ್ನು ನಿಯಂತ್ರಿಸುವ ದೇಶದ ಎಲ್ಲ ಲೋಡ್ ಡಿಸ್ಪ್ಯಾಚ್ ಕೇಂದ್ರಗಳ ಇಂಜಿನಿಯರುಗಳೂ ಓದಿದರು. ಅಷ್ಟು ವಿಶಾಲವಾದ ಕುಸಿತ ಆಮೇಲೆ ಮರುಕಳಿಸಿಲ್ಲ.

ಇನ್ನು ತನಿಖೆ ಯಾರು ಮಾಡಬೇಕು ಎಂಬ ಪ್ರಶ್ನೆ. ರೈಲು ಅಪಘಾತಗಳ ತನಿಖೆ ನಡೆಸುವ ರೈಲ್ವೆ ಸುರಕ್ಷತಾ ಆಯೋಗ ರೈಲ್ವೆ ಸಚಿವಾಲಯದ ಅಡಿಯಲ್ಲಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. ರೈಲು ಓಡಿಸುವವರೇ ತಮ್ಮ ಅಪಘಾತವನ್ನು ತೂಗಿ ತೀರ್ಪು ಕೊಡಬಾರದು ಎಂದು ಹಿಂದಿನವರು ಯೋಚಿಸಿ ಮಾಡಿದ ಏರ್ಪಾಡಿದು. ನನಗೆ ಇದರ ಬಗ್ಗೆ ಅಪಾರ ಗೌರವವಿದೆ. ವಿದ್ಯುತ್ತು, ಪಾವತಿ, ದೂರಸಂಪರ್ಕ, ನೀರು, ಆಸ್ಪತ್ರೆಗಳ ದತ್ತಾಂಶ, ಇವುಗಳಲ್ಲಿ ಒಂದರ ಕುಸಿತ ಇನ್ನೊಂದನ್ನು ಎಳೆದುಕೊಂಡು ಬಿದ್ದಾಗ ತನಿಖೆ ಮಾಡಲು ಇಂಥದ್ದೇ ಒಂದು ಆಯೋಗ ಬೇಕು. ಗುಟ್ಟಾಗಿರಬೇಕಾದ ವಿವರಗಳನ್ನು ಪ್ರತ್ಯೇಕ ಅನುಬಂಧದಲ್ಲಿ ಇಟ್ಟುಕೊಳ್ಳಲಿ, ಕಾರಣ ಮತ್ತು ಶಿಫಾರಸು ಮಾತ್ರ ಎಲ್ಲರಿಗೂ ಸಿಗಲಿ. ಶಿಫಾರಸು ಜಾರಿಯಾಯಿತೇ ಎಂದು ವರ್ಷಕ್ಕೊಮ್ಮೆ ಸಂಸತ್ತಿಗೆ ತಿಳಿಸಲಿ.

ಆರು ಗಂಟೆಯ ವರದಿಯ ನಿಯಮವನ್ನು ನೀವು ಹೇಳಿದಿರಿ. ಒಳ್ಳೆಯದೇ, ಆದರೆ ಅದರಲ್ಲಿ ಮಾಹಿತಿ ಮೇಲಕ್ಕೆ ಹೋಗುತ್ತದೆ. ಅಷ್ಟೇ ಕಟ್ಟುನಿಟ್ಟಾಗಿ ಕೆಳಕ್ಕೆ ಬರುವ ನಿಯಮವಿಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ದಾಳಿಯಾಗಿ ಎರಡು ವಾರದಷ್ಟು ಕಾಲ ವೈದ್ಯರು ಕಾಗದದ ಮೇಲೆ ಕೆಲಸ ನಡೆಸಿದರು. ಅವರು ಆ ದಿನಗಳನ್ನು ಹೇಗೆ ದೂಡಿದರು, ಪ್ರಯೋಗಾಲಯದ ಚೀಟಿ ವಾರ್ಡಿಗೆ ಹೇಗೆ ತಲುಪಿತು ಎಂಬ ಅನುಭವ ಜಿಲ್ಲಾಸ್ಪತ್ರೆಗಳಿಗೆ ಚಿನ್ನದಂಥದ್ದು.

---

ಖಡ್ಕಿ ನಿವೃತ್ತ

ಅನುಬಂಧ ಬೇರೆ, ವರದಿ ಬೇರೆ ಎಂಬ ಏರ್ಪಾಡಾದರೆ ನನ್ನ ವಿರೋಧವಿಲ್ಲ. ಸೇನೆಯಲ್ಲೂ ಕಾರ್ಯಾಚರಣೆಯ ನಂತರದ ಪರಾಮರ್ಶೆ ಕೆಳಗಿನ ತುಕಡಿಯವರೆಗೆ ಬರದಿದ್ದರೆ ಅದು ವ್ಯರ್ಥವೇ.

---

ಪಿಂಪ್ರಿ ಔಷಧಿ

ಎಲ್ಲರೂ ತಟ್ಟನೆ ಆಗುವ ಕುಸಿತದ ಬಗ್ಗೆ ಬರೆದಿದ್ದೀರಿ. ನಾನು ನಿಧಾನವಾಗಿ, ಸದ್ದಿಲ್ಲದೆ ಆಗುವ ಕುಸಿತದ ಬಗ್ಗೆ ಹೇಳುತ್ತೇನೆ.

ಇಲ್ಲಿನ ಪಿಂಪ್ರಿಯಲ್ಲಿ 1954ರಲ್ಲಿ ಸರ್ಕಾರ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪಿಸಿತು. ಸ್ವತಂತ್ರ ಭಾರತ ಪೆನಿಸಿಲಿನ್‌ಗೆ ಹೊರಗಿನವರ ಕೈಕಾಯಬಾರದು ಎಂಬುದು ಉದ್ದೇಶ. ಆ ಉದ್ದೇಶ ಈಡೇರಿತು ಕೂಡ. ಆಮೇಲೆ ಚೀನಾದಿಂದ ಅಗ್ಗದ ಪೆನಿಸಿಲಿನ್-ಜಿ ಬರತೊಡಗಿದ ಮೇಲೆ ನಮ್ಮ ದೇಶದ ತಯಾರಕರು ಒಬ್ಬೊಬ್ಬರಾಗಿ ಕೈಬಿಟ್ಟರು. ಅದನ್ನು ತಡೆಯಲು ಯಾರೂ ಕೂಗಲಿಲ್ಲ, ಏಕೆಂದರೆ ಮಾತ್ರೆಯ ಬೆಲೆ ಇಳಿಯುತ್ತಿತ್ತು. ಜಗತ್ತಿನ ಔಷಧಾಲಯ ಎಂದು ಹೆಸರು ಪಡೆದ ನಾವು ಮೂಲವಸ್ತುಗಳ ಆಮದಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಚೀನಾವನ್ನೇ ನೆಚ್ಚಿಕೊಂಡೆವು. ಅಮಾಕ್ಸಿಸಿಲಿನ್ ತಯಾರಿಕೆಗೆ ಪೆನಿಸಿಲಿನ್-ಜಿ ಬೇಕೇ ಬೇಕು. ಮಗುವಿಗೆ ಕಿವಿನೋವು ಬಂದರೂ ವೈದ್ಯರು ಬರೆಯುವ ಔಷಧಿ ಅದು.

2020ರಲ್ಲಿ ಕೊರೋನಾ ಕಾಲದಲ್ಲಿ ಕಣ್ಣು ತೆರೆಯಿತು. ಉತ್ಪಾದನೆಗೆ ಪ್ರೋತ್ಸಾಹಧನ ಕೊಡುವ ಯೋಜನೆ ಬಂತು, 2024ರಲ್ಲಿ ಕಾಕಿನಾಡದ ಸ್ಥಾವರದಲ್ಲಿ ಪೆನಿಸಿಲಿನ್-ಜಿ ತಯಾರಿಕೆ ಮತ್ತೆ ಶುರುವಾಯಿತು. ಸಂತೋಷ. ಆದರೆ ಶಿಲೀಂಧ್ರದಿಂದ ಪೆನಿಸಿಲಿನ್ ತೆಗೆಯುವ ಹುದುಗು ತೊಟ್ಟಿಗಳನ್ನು ನಡೆಸುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಶಿಲೀಂಧ್ರದ ತಳಿಯನ್ನು ಕಾಪಾಡುವುದು, ತೊಟ್ಟಿಗೆ ಸೋಂಕು ತಗಲದಂತೆ ನೋಡುವುದು, ಗಾಳಿ ಮತ್ತು ಸಕ್ಕರೆಯ ಹದ ಹಿಡಿಯುವುದು, ಇವೆಲ್ಲ ಕೈಯಿಂದ ಕೈಗೆ ಬರಬೇಕು. ಒಂದು ತಲೆಮಾರು ಬಿಟ್ಟ ಕೆಲಸವನ್ನು ಮರಳಿ ಹಿಡಿಯುವುದು ಎಷ್ಟು ಕಷ್ಟವೆಂದು ಈ ಊರಿನ ಹಳೆಯ ಕೆಲಸಗಾರರನ್ನು ಕೇಳಿದರೆ ಗೊತ್ತಾಗುತ್ತದೆ. ಕಾರ್ಖಾನೆ ಮುಚ್ಚುವಾಗ ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರಗಳ ಬೆಲೆ ಬರೆಯುತ್ತಾರೆ, ಈ ಕೈಗಳ ಬೆಲೆ ಬರೆಯುವುದಿಲ್ಲ.

---

ವರ್ಸೋವಾ ವಾಸಿ

ದೂರಸಂಪರ್ಕದವನಾಗಿ ಒಂದು ಮಾತು ಸೇರಿಸುತ್ತೇನೆ. ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ 2023ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ಆಗ ಭಾರತಕ್ಕೆ ಬರುತ್ತಿದ್ದ ಅಂತಾರಾಷ್ಟ್ರೀಯ ಸಮುದ್ರದಡಿಯ ಕೇಬಲ್‌ಗಳು 17, ಅವು ದಡ ಸೇರುತ್ತಿದ್ದ ಕೇಂದ್ರಗಳು 14. ಮುಂಬೈಗೆ ಬರುವವುಗಳಲ್ಲಿ ಬಹುತೇಕ ನಾವು ಸಂಜೆ ನಡೆದಾಡುವ ಈ ವರ್ಸೋವಾ ಕಡಲತೀರದ ಕೆಲವೇ ಕಿಲೋಮೀಟರಿನೊಳಗೆ ಮೇಲೆ ಬರುತ್ತವೆ. ಕಡಲ ತಳದಲ್ಲಿ ಕೇಬಲ್ ಕತ್ತರಿಸಿದರೆ ದುರಸ್ತಿ ಮಾಡಲು ನಮ್ಮ ಧ್ವಜದ ಹಡಗಿಲ್ಲ, ಹೊರಗಿನಿಂದ ಬರಬೇಕು, ಅದಕ್ಕೆ ಅನುಮತಿಗಳು ಬೇಕು. 2008ರ ಜನವರಿಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ನಮ್ಮ ಇಂಟರ್ನೆಟ್ ಸಾಮರ್ಥ್ಯ ಅರ್ಧದಷ್ಟು ಕುಸಿದಿತ್ತು. ದುರಸ್ತಿ ಹಡಗಿಗೆ ತಗಲುವ ಖರ್ಚು ಒಂದು ಮೇಲ್ಸೇತುವೆಯ ಖರ್ಚಿನಂತೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಯಾರೂ ಉದ್ಘಾಟನೆಗೆ ಅವಸರಪಡುವುದಿಲ್ಲ.

---

ಸಯನ್ ಹೋಟೆಲಿಗ

ಎಲ್ಲವನ್ನೂ ಓದಿದೆ. ಆದರೆ ಖರ್ಚಿನ ಪ್ರಶ್ನೆ ಬಿಟ್ಟುಹೋಗಿದೆ. ಬಳಸದೆ ಇಡುವ ತೈಲ, ಓಡಿಸದೆ ಇಡುವ ಸ್ಥಾವರ, ಕಾಯುತ್ತಾ ನಿಲ್ಲುವ ಹಡಗು, ಇವೆಲ್ಲಕ್ಕೂ ದುಡ್ಡು ಬೇಕು. ಫಿನ್ಲೆಂಡಿನಂಥ ದೇಶ ಧಾನ್ಯ, ಇಂಧನ, ಔಷಧಿಗಳನ್ನು ತಿಂಗಳುಗಟ್ಟಲೆ ಆಗುವಷ್ಟು ಸಂಗ್ರಹಿಸಿಡುತ್ತದೆ, ಜನಸಂಖ್ಯೆಯ ಬಹುಪಾಲಿಗೆ ನೆಲದಡಿಯ ಆಶ್ರಯ ಕಟ್ಟಿದೆ ಎಂದು ಓದಿದ್ದೇನೆ. ಅಲ್ಲಿರುವ ಜನ ಅರವತ್ತು ಲಕ್ಷಕ್ಕಿಂತ ಕಡಿಮೆ. ನಮ್ಮ ಧಾರಾವಿಯ ಒಂದು ಗಲ್ಲಿಗೆ ಆ ಲೆಕ್ಕ ಹೇಗೆ ಹೊಂದುತ್ತದೆ?

---

ಹಿಂಜೆವಾಡಿ ತಂತ್ರಜ್ಞೆ

ಅಣ್ಣ, ಫಿನ್ಲೆಂಡಿನಿಂದ ತೆಗೆದುಕೊಳ್ಳಬೇಕಾದದ್ದು ಗೋದಾಮಿನ ಗಾತ್ರವನ್ನಲ್ಲ. ಅಲ್ಲಿ ಖಾಸಗಿ ಕಂಪನಿಗಳು, ಸರ್ಕಾರ ಒಟ್ಟಿಗೆ ಕೂತು ಯಾರು ಯಾರ ಮೇಲೆ ಆತುಕೊಂಡಿದ್ದಾರೆ ಎಂದು ನಿಯತವಾಗಿ ಚರ್ಚಿಸುವ ಪದ್ಧತಿ ಇದೆ. ಧಾನ್ಯದ ಮಟ್ಟಿಗೆ ನಮಗೂ ಭಾರತೀಯ ಆಹಾರ ನಿಗಮದ ಮುಂಜಾಗ್ರತಾ ದಾಸ್ತಾನು ಇದೆಯಲ್ಲ. 2020ರಲ್ಲಿ ಎಂಬತ್ತು ಕೋಟಿ ಜನರಿಗೆ ಉಚಿತ ಧಾನ್ಯ ಕೊಡಲು ಆದದ್ದು ಆ ಗೋದಾಮುಗಳಿಂದಲೇ. ಅದಕ್ಕೂ ಮೊದಲು ಆ ದಾಸ್ತಾನನ್ನು ದಂಡದ ಖರ್ಚು ಎಂದು ಎಷ್ಟು ಜನ ಹಳಿಯುತ್ತಿದ್ದರು!

ಧಾರಾವಿಯ ಮಾತಿಗೆ ಬಂದರೆ, ಅಲ್ಲಿ ಕೊರೋನಾವನ್ನು ಹತ್ತಿಕ್ಕಲು ಸಾಧ್ಯವಾದದ್ದು ಮನೆಮನೆಗೆ ಹೋಗಿ ತಪಾಸಣೆ ಮಾಡಿದ್ದರಿಂದ, ಸ್ಥಳೀಯ ಖಾಸಗಿ ವೈದ್ಯರನ್ನೂ ಜೊತೆಗೆ ಸೇರಿಸಿಕೊಂಡದ್ದರಿಂದ. ಅದೂ ಸಿದ್ಧತೆಯೇ.

---

ಕಾಂದಿವಲಿ ಕಾರ್ಯದರ್ಶಿ

ಆಯೋಗ, ದಾಸ್ತಾನು, ಹಡಗು ಎಲ್ಲ ಸರ್ಕಾರದ ಕೆಲಸ. ಅದಕ್ಕಾಗಿ ಮನವಿ ಬರೆಯುವುದಾದರೆ ನಾನೂ ಸಹಿ ಹಾಕುತ್ತೇನೆ. ಆದರೆ ನಮ್ಮ ಸೊಸೈಟಿಯ ವಾರ್ಷಿಕ ಸಭೆ ಹತ್ತಿರವಿದೆ, ನನ್ನ ಕೈಯಲ್ಲಿರುವುದನ್ನು ಮೊದಲು ಮಾಡುತ್ತೇನೆ. ಮುಲುಂಡ್ ಸರ್, ಒಂದು ತಾಂತ್ರಿಕ ಪ್ರಶ್ನೆ. ತಾರಸಿಯ ಮೇಲೆ ಸೌರಫಲಕ ಹಾಕಿಸುವ ಪ್ರಸ್ತಾಪವಿದೆ. ಅದು ಬಂದರೆ ಇನ್ನು ವಿದ್ಯುತ್ ಹೋದರೂ ಪಂಪು ನಡೆಯುತ್ತದೆ, ಜನರೇಟರ್ ಬೇಡ ಎಂದು ಕೆಲವು ಸದಸ್ಯರು ಹೇಳುತ್ತಿದ್ದಾರೆ. ಸರಿಯೇ?

---

ಮುಲುಂಡ್ ವಾಚಕ

ಸರಿಯಲ್ಲ, ಸಭೆಗೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಹಾಕುವ ಸೌರ ಇನ್ವರ್ಟರ್ ಜಾಲದ ವಿದ್ಯುತ್ ಹೋದ ತಕ್ಷಣ ತಾನೂ ಬಂದ್ ಆಗುತ್ತದೆ. ಬೀದಿಯ ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ತಾರಸಿಯ ವಿದ್ಯುತ್ ತಗಲಬಾರದು ಎಂಬ ಕಾರಣಕ್ಕೆ ಅದನ್ನು ಹಾಗೆ ಮಾಡಿರುತ್ತಾರೆ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಪಂಪು ತಿರುಗುವುದಿಲ್ಲ. ಬ್ಯಾಟರಿ ಸಹಿತವಾದ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಜಾಲದಿಂದ ಬೇರ್ಪಡುವ ಸ್ವಿಚ್ ಇಡಿಸಿದರೆ ಮಾತ್ರ ಅದು ಸಾಧ್ಯ. ಇಡೀ ಕಟ್ಟಡಕ್ಕೆ ಬೇಡ, ಪಂಪಿನ ಸರ್ಕ್ಯೂಟ್, ಮೆಟ್ಟಿಲ ದೀಪ ಮತ್ತು ಕೆಳಮಹಡಿಯಲ್ಲಿ ವೈದ್ಯಕೀಯ ಯಂತ್ರ, ಮೊಬೈಲ್ ಚಾರ್ಜಿಗೆ ಒಂದು ಕೋಣೆ ಸಾಕು. ಪಂಪಿನ ಮೋಟಾರ್ ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಆದ್ದರಿಂದ ಮೋಟಾರನ್ನು ಮೆಲ್ಲಗೆ ಶುರು ಮಾಡುವ ಸಾಫ್ಟ್ ಸ್ಟಾರ್ಟರ್ ಅಥವಾ ವಿ.ಎಫ್.ಡಿ. ಉಪಕರಣ ಹಾಕಿಸಬೇಕೆಂದು ಕೊಟೇಷನ್‌ನಲ್ಲೇ ಬರೆಸಿ. ಇಲ್ಲದಿದ್ದರೆ ಇನ್ವರ್ಟರ್ ಮೊದಲ ದಿನವೇ ಟ್ರಿಪ್ ಆಗುತ್ತದೆ. ಈಗಿರುವ ಜನರೇಟರಿಗೆ ಪಂಪನ್ನು ಜೋಡಿಸಲು ಚೇಂಜ್‌ಓವರ್ ಸ್ವಿಚ್ಚಿನ ಖರ್ಚಷ್ಟೇ ಬರುತ್ತದೆ, ಜನರೇಟರಿನ ಸಾಮರ್ಥ್ಯ ಸಾಕಾಗುತ್ತದೆಯೇ ಎಂದು ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಪರೀಕ್ಷೆ ಮಾಡಿಸಿ. ಮತ್ತೆ ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ಮುಖ್ಯ ಸ್ವಿಚ್ಚನ್ನು ನಿಜವಾಗಿಯೇ ಇಳಿಸಿ ಪಂಪು ಓಡಿಸಿ ನೋಡಿ.

ಆಯೋಗದ ಮನವಿಯ ಕರಡನ್ನು ನಾನು ಬರೆಯುತ್ತೇನೆ. ಪಾವತಿ ವ್ಯವಸ್ಥೆಯ ಭಾಗವನ್ನು ಡೊಂಬಿವಲಿಯವರು, ಔಷಧಿಯ ಭಾಗವನ್ನು ಪಿಂಪ್ರಿಯವರು, ಗುಟ್ಟಿನ ಅನುಬಂಧ ಹೇಗಿರಬೇಕು ಎಂಬ ಭಾಗವನ್ನು ಖಡ್ಕಿಯವರು ಬರೆದುಕೊಟ್ಟರೆ ಉಪಕಾರವಾಗುತ್ತದೆ.